ನೋಟು ಯಾರ ಕೈಯಿಂದ ಯಾರ ಕೈಗೆ

ಫೆಬ್ರವರಿಯ ಒಂದು ಶನಿವಾರ ಸಂಜೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಿಂದ ಮುಕ್ಕಾಲು ಗಂಟೆ ದೂರದ ಪುಟ್ಟ ಊರಿನ ಸಮುದಾಯ ಭವನ. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ದೊಡ್ಡ ಪಾತ್ರೆಗಳಲ್ಲಿ ಚಿಲ್ಲಿ. ನಮ್ಮ ರಾಜ್ಮಾ ಹುಳಿಗೆ ನೆಂಟಸ್ತಿಕೆ ಇರುವಂಥ ಅಡುಗೆ ಅದು. ತಲೆಗೆ 15 ಡಾಲರ್. ವಿಸ್ಕಾನ್ಸಿನ್ ಡೆಮಾಕ್ರಟಿಕ್ ಪಕ್ಷದ ಕೌಂಟಿ (ನಮ್ಮ ಜಿಲ್ಲೆಯಂಥದು) ಘಟಕದವರು ಮಧ್ಯಂತರ ಚುನಾವಣೆಗೆ ಹಣ ಕೂಡಿಸಲು ಇಟ್ಟುಕೊಂಡ ಊಟ. ಸಾಲಿನಲ್ಲಿ ನನ್ನ ಮುಂದಿದ್ದವರು ಎಂಬತ್ತು ದಾಟಿದ ಅಜ್ಜ, ಹಿಂದೆ ಹಸು ಸಾಕಿ ಹಾಲು ಮಾರುತ್ತಿದ್ದವರು. ಊಟದ ದುಡ್ಡಿನ ಮೇಲೆ ಇನ್ನೂ 25 ಡಾಲರ್ ಸೇರಿಸಿ, ನಡುಗುವ ಕೈಯಲ್ಲೇ ಚೆಕ್ ಬರೆದರು. ಖಜಾಂಚಿ ಅಮ್ಮನಿಗೆ ಅವರು ಹಳೆಯ ಪರಿಚಯ. ಆದರೂ ಹೆಸರು, ವಿಳಾಸ ಕೇಳಿ ಪುಸ್ತಕದಲ್ಲಿ ಬರೆದುಕೊಂಡೇ ಮುಂದೆ ಬಿಟ್ಟರು.

ನನ್ನದು ಸಾಗರ ತಾಲ್ಲೂಕು. 1952ರಲ್ಲಿ ನಮ್ಮ ಕಡೆಯಿಂದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಅವರ ಬಳಿ ದುಡ್ಡಿರಲಿಲ್ಲ, ಜನರೇ ಕೈಲಾದಷ್ಟು ಹಾಕಿ ಗೆಲ್ಲಿಸಿದೆವು ಎಂದು ನನ್ನ ಅಜ್ಜ ಹೇಳುತ್ತಿದ್ದರು. ಮುಂದೆ ರೈತ ಸಂಘದವರ ಬಾಯಲ್ಲೂ ಅದೇ ಮಾತಿತ್ತು: ‘ಒಂದು ಓಟು, ಒಂದು ನೋಟು’. ಆ ಮಾತು ನನ್ನ ಕಣ್ಣೆದುರು ನಡೆದದ್ದನ್ನು ನಾನು ನೋಡಿದ್ದು ವಿಸ್ಕಾನ್ಸಿನ್ನಿನಲ್ಲಿ.

ನಮ್ಮಲ್ಲಿ ಮಧ್ಯಂತರ ಚುನಾವಣೆ ಅಂದರೆ ಸರ್ಕಾರ ಬಿದ್ದು ಬರುವ ಚುನಾವಣೆ. ಇಲ್ಲಿ ಹಾಗಲ್ಲ. ಅಧ್ಯಕ್ಷರ ನಾಲ್ಕು ವರ್ಷದ ನಡುವೆ ತಪ್ಪದೆ ಬರುವ ಚುನಾವಣೆ ಇದು. ಈ ಸಲದ್ದು 2026ರ ನವೆಂಬರ್ 3ಕ್ಕೆ. ಇಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ನಡೆಸುವವರು; ಟೋನಿ ಎವರ್ಸ್ ಮೂರನೇ ಸಲ ನಿಲ್ಲುವುದಿಲ್ಲ ಎಂದಿರುವುದರಿಂದ ಆ ಕುರ್ಚಿಗೆ ಹೊಸಬರು ಬರಬೇಕು. 2018ರಲ್ಲಿ ಅವರು ಗೆದ್ದದ್ದು ಮೂವತ್ತು ಸಾವಿರಕ್ಕೂ ಕಡಿಮೆ ಅಂತರದಲ್ಲಿ, ಅದೂ ಇಪ್ಪತ್ತಾರು ಲಕ್ಷಕ್ಕೂ ಹೆಚ್ಚು ಮತ ಬಿದ್ದ ಚುನಾವಣೆಯಲ್ಲಿ. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ 16 ಮತಗಳಲ್ಲಿ ನಿಂತದ್ದು ನೆನಪಿರುವವರಿಗೆ ಇಲ್ಲಿಯ ಎದೆಬಡಿತ ಅರ್ಥವಾದೀತು.

ಇನ್ನೊಂದು ವಿಶೇಷವಿದೆ. ವಿಸ್ಕಾನ್ಸಿನ್ನಿನಲ್ಲಿ ಮತದಾರ ಹೆಸರು ನೋಂದಾಯಿಸುವಾಗ ತಾನು ಯಾವ ಪಕ್ಷದವನೆಂದು ಬರೆಸುವುದಿಲ್ಲ. ಯಾರು ನಮ್ಮವರು, ಯಾರು ಅಲ್ಲ ಅನ್ನುವುದು ಪಕ್ಷಕ್ಕೆ ಗೊತ್ತಾಗಬೇಕಾದರೆ ಬಾಗಿಲು ತಟ್ಟಿ ಕೇಳುವುದೇ ದಾರಿ. 2016ರ ಅಧ್ಯಕ್ಷೀಯ ಚುನಾವಣೆಯ ಸೋಲಿನ ನಂತರ ಈ ಪಕ್ಷ ಬಡಾವಣೆಗೊಂದು ತಂಡ ಕಟ್ಟಿ, ಚುನಾವಣೆ ಇಲ್ಲದ ವರ್ಷವೂ ಬಾಗಿಲು ತಟ್ಟಲು ಶುರುಮಾಡಿತು. ಅದಕ್ಕೆ ಸಂಬಳದ ಸಂಘಟಕರು ಬೇಕು. ಚುನಾವಣೆ ಹತ್ತಿರ ಬಂದಾಗ ಒಮ್ಮೆಲೇ ಸುರಿಯುವ ಹಣದಿಂದ ಅದು ನಡೆಯದು. ತಿಂಗಳಿಗೆ ಐದು, ಹತ್ತು ಡಾಲರ್ ತಾನಾಗಿ ಕಟ್ ಆಗುವಂತೆ ಬರೆದುಕೊಟ್ಟ ಜನರಿಂದ ನಡೆಯುತ್ತದೆ. 2020ರಲ್ಲಿ ಹಳೆಯ ಸಿನಿಮಾವೊಂದರ ನಟನಟಿಯರು ಈ ಪಕ್ಷಕ್ಕಾಗಿ ಆನ್‌ಲೈನಿನಲ್ಲಿ ಕೂತು ಚಿತ್ರಕಥೆ ಓದಿದಾಗ ಲಕ್ಷಕ್ಕೂ ಹೆಚ್ಚು ಜನ ತೋಚಿದಷ್ಟು ಕೊಟ್ಟು ನೋಡಿದರು. ಕೂಡಿದ್ದು 40 ಲಕ್ಷ ಡಾಲರಿಗೂ ಮಿಕ್ಕಿ.

ನಾನು ಎಚ್1ಬಿ ಎಂಬ ಕೆಲಸದ ವೀಸಾದಲ್ಲಿದ್ದಾಗ ಒಂದು ಡಾಲರನ್ನೂ ಕೊಡುವ ಹಾಗಿರಲಿಲ್ಲ, ಕಾನೂನೇ ಬಿಡದು. ಸಂಬಳವಿಲ್ಲದೆ ದುಡಿಯಬಹುದಿತ್ತು, ದುಡಿದೆ. ಫೋನಿನ ಆಪ್‌ನಲ್ಲಿ ಬೀದಿಯ ಪಟ್ಟಿ: ಮನೆ ನಂಬರು, ಹೆಸರು, ವಯಸ್ಸು. ಬಾಗಿಲು ತೆರೆದರೆ ಮೊದಲ ಪ್ರಶ್ನೆ, ‘ನಿಮಗೆ ಯಾವ ಚಿಂತೆ ಹೆಚ್ಚು?’ ಮಗಳ ಶಾಲೆ, ಇನ್ಸುಲಿನ್ ಬೆಲೆ, ಬಾವಿ ನೀರಿನಲ್ಲಿ ನೈಟ್ರೇಟ್ – ಹೇಳಿದ್ದನ್ನು ಕೇಳಿಸಿಕೊಳ್ಳಬೇಕು. ಆಮೇಲೆ ಅವರು ನಮ್ಮ ಕಡೆಗೆ ಎಷ್ಟು ಒಲಿದಿದ್ದಾರೆ ಎಂದು ಒಂದರಿಂದ ಐದರೊಳಗೆ ಒಂದು ಗುರುತು. ಯಾರೂ ಇಲ್ಲದಿದ್ದರೆ ಕರಪತ್ರವನ್ನು ಬಾಗಿಲ ಹಿಡಿಗೆ ಸಿಕ್ಕಿಸಬೇಕು. ಅಂಚೆ ಪೆಟ್ಟಿಗೆಗೆ ಹಾಕಿದರೆ ಅಪರಾಧ.

ಈಗ ಎರಡನೆಯ ಪಟ್ಟಿಯ ಕಥೆ ಹೇಳುತ್ತೇನೆ. ಗ್ರೀನ್ ಕಾರ್ಡ್ ಬಂದು ಪಕ್ಷಕ್ಕೆ ಹಣ ಕೊಡಲು ಅವಕಾಶವಾದರೂ ನಾನು ಭಾರತದ ಪಾಸ್‌ಪೋರ್ಟ್ ಬಿಟ್ಟಿಲ್ಲ. ಅನಿವಾಸಿ ಮತದಾರನಾಗಿ ನನ್ನ ಹೆಸರು ಊರಿನ ಪಟ್ಟಿಯಲ್ಲಿದೆ, ಖುದ್ದಾಗಿ ಹೋದರೆ ಮಾತ್ರ ಓಟು. 2023ರ ಮೇ 10ಕ್ಕೆ ಹೋಗಿದ್ದೆ. ಹಿಂದಿನ ರಾತ್ರಿ ಹನ್ನೊಂದರ ಹೊತ್ತಿಗೆ ತೋಟದ ದಾರಿಯಲ್ಲಿ ದೀಪ ಆರಿಸಿಕೊಂಡು ಒಂದು ಬೈಕು ಬಂತು. ಹಿಂದೆ ಕೂತವನ ಕೈಯಲ್ಲಿ ಮಡಿಸಿದ ಕಾಗದ. ಅದೂ ಮತದಾರರ ಪಟ್ಟಿಯೇ: ಮನೆ ನಂಬರು, ಹೆಸರು, ವಯಸ್ಸು. ಟಾರ್ಚ್ ಹಿಡಿದು ನೋಡಿ ಅತ್ತಿಗೆಗೆ ‘ನಿಮ್ಮನೇಲಿ ನಾಲ್ಕು ಅಲ್ವಾ ಅಕ್ಕಾ?’ ಅಂದ. ಅಣ್ಣ ಎದ್ದು ಬಂದು ‘ಬೇಡ, ಹೋಗ್ರೋ’ ಅಂದ ಮೇಲೆ ದುಡ್ಡಿನ ಕವರು ಜೇಬಿಗಿಟ್ಟುಕೊಂಡು ಪಕ್ಕದ ಮನೆಗೆ ಹೋದರು. ಆ ಚುನಾವಣೆಯಲ್ಲಿ ರಾಜ್ಯದಲ್ಲಿ ಚುನಾವಣಾ ಆಯೋಗ ಹಿಡಿದ ನಗದು, ಮದ್ಯ, ಮಾದಕ ವಸ್ತು, ಚಿನ್ನ ಬೆಳ್ಳಿ, ಉಡುಗೊರೆಗಳ ಮೊತ್ತವೇ ಸುಮಾರು 375 ಕೋಟಿ ರೂಪಾಯಿ.

ಎರಡು ಕಡೆಯೂ ಅದೇ ಪಟ್ಟಿ, ಅದೇ ಮನೆಮನೆ ತಿರುಗಾಟ. ಆದರೆ ಚಿಲ್ಲಿ ಊಟದಲ್ಲಿ ನೋಟು ಮತದಾರನ ಕೈಯಿಂದ ಪಕ್ಷಕ್ಕೆ ಹೋಯಿತು, ನಮ್ಮ ಅಂಗಳದಲ್ಲಿ ಪಕ್ಷದಿಂದ ಮತದಾರನ ಕೈಗೆ ಬಂತು. 25 ಡಾಲರ್ ಕೊಟ್ಟ ಅಜ್ಜ ಜೂನ್‌ನಲ್ಲಿ ನಡೆಯುವ ಪಕ್ಷದ ಸಮಾವೇಶದಲ್ಲಿ ಎದ್ದು ನಿಂತು, ಹಾಲಿನ ಬೆಲೆಯ ಬಗ್ಗೆ ಏನು ಮಾಡಿದಿರಿ ಎಂದು ಕೇಳಬಲ್ಲ. ಕವರು ಇಸಿದುಕೊಂಡ ಮನೆಯವರು ಅಡಿಕೆಯ ಬೆಲೆಯ ಬಗ್ಗೆ ಯಾವ ಬಾಯಲ್ಲಿ ಕೇಳಬೇಕು? ‘ದುಡ್ಡು ಇಸ್ಕಂಡಿದೀರಲ್ಲ’ ಅನ್ನುವ ಉತ್ತರ ಕಾದೇ ಇರುತ್ತದೆ. ನನ್ನ ಮನಸ್ಸಿಗೆ ನೋವಾಗುವುದು ಇಲ್ಲಿ. ಬಡವರು ದುಡ್ಡು ಇಸಿದುಕೊಳ್ಳುತ್ತಾರೆ ಎಂದು ಅವರನ್ನು ಹಳಿಯುವವರು, ಅವರ ಹತ್ತು ರೂಪಾಯಿಯನ್ನು ಯಾವ ಪಕ್ಷ ಯಾವಾಗ ಗೌರವದಿಂದ ಕೇಳಿದೆ ಎಂದು ಯೋಚಿಸುವುದಿಲ್ಲ.

ವಿಸ್ಕಾನ್ಸಿನ್ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. 2015ರ ಕಾನೂನಿನ ನಂತರ ಇಲ್ಲಿ ರಾಜ್ಯ ಚುನಾವಣೆಗಳಿಗೆ ಕುಬೇರರು ಪಕ್ಷಕ್ಕೆ ಎಷ್ಟು ಬೇಕಾದರೂ ಕೊಡಬಹುದು, ಪಕ್ಷ ಅದನ್ನು ಅಭ್ಯರ್ಥಿಗೆ ದಾಟಿಸಬಹುದು. ಎರಡೂ ಪಕ್ಷಗಳು ಹಾಗೇ ಮಾಡುತ್ತಿವೆ. 2025ರ ರಾಜ್ಯ ಸುಪ್ರೀಂ ಕೋರ್ಟಿನ ಒಂದೇ ಒಂದು ನ್ಯಾಯಾಧೀಶರ ಚುನಾವಣೆಗೆ ಹರಿದದ್ದು ಹತ್ತು ಕೋಟಿ ಡಾಲರಿನಾಚೆ. ಇದು ತಪ್ಪು, ಮತ್ತು ಚಿಲ್ಲಿ ಊಟದ ಅಜ್ಜನಿಗೆ ಮಾಡುವ ಅವಮಾನ. ಆದರೆ ಪಕ್ಷಕ್ಕೆ ಹಾಗೆ ಕೊಟ್ಟ ದೊಡ್ಡವರ ಹೆಸರೂ ಅಜ್ಜನ ಹೆಸರಿನ ಹಾಗೆ ಲೆಕ್ಕದಲ್ಲಿ ಸಿಗುತ್ತದೆ. ವರ್ಷಕ್ಕೆ 200 ಡಾಲರ್ ದಾಟಿದರೆ ಉದ್ಯೋಗವನ್ನೂ ಬರೆಯಬೇಕು. ನಮ್ಮಲ್ಲಿ ಚುನಾವಣಾ ಬಾಂಡ್ ಕೊಂಡವರ ಹೆಸರು ಹೊರಬರಲು 2024ರ ಫೆಬ್ರವರಿ 15ರ ಸುಪ್ರೀಂ ಕೋರ್ಟ್ ತೀರ್ಪು ಬೇಕಾಯಿತು. ಇವತ್ತಿಗೂ 20,000 ರೂಪಾಯಿವರೆಗೆ ಕೊಟ್ಟವರ ಹೆಸರನ್ನು ಪಕ್ಷ ಆಯೋಗಕ್ಕೆ ತಿಳಿಸಬೇಕಾಗಿಲ್ಲ.

ಕರ್ನಾಟಕದ ವಿಧಾನಸಭೆ ಚುನಾವಣೆಗೆ 2028ರವರೆಗೆ ಸಮಯವಿದೆ. ಯಾವ ಪಕ್ಷವಾದರೂ ಸರಿ, ಒಂದೇ ಒಂದು ತಾಲ್ಲೂಕಿನಲ್ಲಿ ಈಗಲೇ ಶುರುಮಾಡಲಿ. ತಿಂಗಳಿಗೆ ಇಪ್ಪತ್ತು ರೂಪಾಯಿ, ಯುಪಿಐನಲ್ಲಿ, ಕೊಟ್ಟವರ ಹೆಸರು ಪಂಚಾಯಿತಿ ಕಟ್ಟೆಯ ಬೋರ್ಡಿನ ಮೇಲೆ. ಕೊಟ್ಟವರನ್ನು ಕೂರಿಸಿಕೊಂಡು ವರ್ಷಕ್ಕೆರಡು ಸಲ ಲೆಕ್ಕ ಹೇಳಲಿ. ಯುಪಿಐ ಇರುವ ನಾಡಿಗೆ ಇದು ಅಮೆರಿಕಕ್ಕಿಂತ ಸುಲಭ.

ವಿಸ್ಕಾನ್ಸಿನ್ನಿನಲ್ಲಿ ನನಗೆ ಓಟಿಲ್ಲ. ಆದರೂ ಕೌಂಟಿ ಘಟಕದವರು ಹೋದ ವಾರ ಫೋನ್ ಮಾಡಿ, ತಿಂಗಳ ಹತ್ತು ಡಾಲರನ್ನು ಹದಿನೈದು ಮಾಡಲಾದೀತೇ ಎಂದು ಕೇಳಿದರು, ಒಪ್ಪಿಕೊಂಡೆ. ಸಾಗರದಲ್ಲಿ ನನಗೆ ಓಟಿದೆ. ಇಷ್ಟು ವರ್ಷದಲ್ಲಿ ಅಲ್ಲಿಂದ ನನಗೆ ಅಂಥ ಫೋನ್ ಒಂದೂ ಬಂದಿಲ್ಲ.