ಉರುಳು ಸಾಣಿಗೆ

ನಮ್ಮ ಮನೆಯ ಹಿತ್ತಲಿನ ಪತ್ರಾಸಿನ ಶೆಡ್ಡಿನಲ್ಲಿ ಒಂದು ಯಂತ್ರವಿದೆ. ಅದನ್ನು ನೋಡಿದವರು ಇದೇನು ಎಂದು ಕೇಳುವುದಿಲ್ಲ. ಇದು ಯಾವಾಗ ಕೆಟ್ಟಿತು ಎಂದು ಕೇಳುತ್ತಾರೆ. ಮೂರು ಅಡಿ ವ್ಯಾಸದ, ನಾಲ್ಕು ಅಡಿ ಉದ್ದದ, ಅಡ್ಡ ಮಲಗಿಸಿದ ಪೀಪಾಯಿಯಂಥ ಆಕಾರ. ಮೈಗೆ ತಗಡಿನ ಬದಲು ಅರ್ಧ ಇಂಚಿನ ಕಣ್ಣಿನ ತಂತಿ ಜಾಲರಿ. ಎರಡು ತುದಿಗೆ ದುಂಡಗೆ ಕೊಯ್ದ ಪ್ಲೈವುಡ್ ಹಲಗೆ. ನಡುವೆ ಹಾದುಹೋಗುವ ಕಬ್ಬಿಣದ ದಂಡ. ಆ ದಂಡವನ್ನು ಹೊತ್ತುಕೊಂಡಿರುವ, ಮುಚ್ಚಿಹೋದ ಹಿಟ್ಟಿನ ಗಿರಣಿಯಿಂದ ತಂದ ಎರಡು ಬೇರಿಂಗು. ಪಕ್ಕದಲ್ಲಿ ಅರ್ಧ ಎಚ್‌ಪಿಯ ಹಳೆಯ ಮೋಟರು. ಕತ್ತರಿಸಿದ ಕುರಿಯುಣ್ಣೆಯನ್ನು ಒಳಗೆ ತುಂಬಿ, ಬಾಗಿಲು ಬಿಗಿದು ತಿರುಗಿಸಿದರೆ ಅದು ಉಣ್ಣೆಯನ್ನು ಮೇಲಕ್ಕೆತ್ತಿ ಕೆಡವುತ್ತದೆ, ಮತ್ತೆ ಎತ್ತಿ ಮತ್ತೆ ಕೆಡವುತ್ತದೆ. ಧೂಳು ಜಾಲರಿಯ ಕಣ್ಣುಗಳಿಂದ ಕೆಳಗೆ ಉದುರುತ್ತದೆ. ಇಷ್ಟೇ ಅದರ ಕಸುಬು. ಜೋಳ ಸೋಸುವ ಸಾಣಿಗೆಯನ್ನು ಸುರುಳಿ ಸುತ್ತಿ ಎರಡೂ ಬಾಯಿ ಮುಚ್ಚಿದಂತೆ ಕಾಣುವುದರಿಂದ ನಾನು ಅದನ್ನು ಉರುಳು ಸಾಣಿಗೆ ಎನ್ನುತ್ತೇನೆ. ಮನೆಯವರು ಇಟ್ಟ ಹೆಸರು ಬೇರೆ ಇದೆ, ಅದು ಬರೆಯುವಂಥದ್ದಲ್ಲ.

ಈ ಯಂತ್ರದ ಕಲ್ಪನೆ ನಮ್ಮ ಚಿತ್ತಾಪುರ ತಾಲ್ಲೂಕಿನದಲ್ಲ. ತಮ್ಮನ ಮಗ ಒಂದು ಸಂಜೆ ಫೋನಿನಲ್ಲಿ ತೋರಿಸಿದ ದೃಶ್ಯದಲ್ಲಿ ಪರದೇಶದ ಸಣ್ಣ ರೈತನೊಬ್ಬ ಇಂಥದೇ ಯಂತ್ರವನ್ನು ಮನೆಯಲ್ಲೇ ಮಾಡಿಕೊಂಡು ಅಲ್ಪಾಕದ ಉಣ್ಣೆಯನ್ನು ಜಾಡಿಸುತ್ತಿದ್ದ. ಅಲ್ಪಾಕ ಒಂಟೆಯ ಬಳಗದ ಪ್ರಾಣಿ. ಕುರಿಯ ಮೈಗೆ ಒಂಟೆಯ ಕುತ್ತಿಗೆಯನ್ನು ಕಸಿ ಮಾಡಿದಂತೆ ಕಾಣುತ್ತದೆ, ಸಿಟ್ಟು ಬಂದರೆ ಉಗುಳುತ್ತದೆ. ಅದರ ತವರು ಪೆರು, ಬೊಲಿವಿಯಾ ದೇಶಗಳಲ್ಲಿ ಹಾಯುವ ಆಂಡೀಸ್ ಪರ್ವತದ ಮೇಲಣ ಬಯಲು, ಸಮುದ್ರಮಟ್ಟದಿಂದ 3500 ಮೀಟರಿಗೂ ಎತ್ತರದಲ್ಲಿ. ಕಲಬುರಗಿ ಇರುವುದು ಸುಮಾರು 450 ಮೀಟರಿನಲ್ಲಿ. ನಮ್ಮ ಮೇ ತಿಂಗಳ ಬಿಸಿಲಿಗೆ ಆ ಪ್ರಾಣಿಯನ್ನು ತಂದು ನಿಲ್ಲಿಸಿದರೆ ಉಗುಳುವುದಕ್ಕೂ ಅದರ ಬಾಯಲ್ಲಿ ಪಸೆ ಉಳಿಯಲಿಕ್ಕಿಲ್ಲ. ಮಣ್ಣಿನಲ್ಲಿ ಹೊರಳುವುದು ಅದಕ್ಕೆ ಕತ್ತೆಯಷ್ಟೇ ಪ್ರಿಯವಾದ ಚಟ. ಉಣ್ಣೆ ಕತ್ತರಿಸುವುದು ವರ್ಷಕ್ಕೊಮ್ಮೆಯಾದ್ದರಿಂದ ಹೊರಳಿದ ಧೂಳೆಲ್ಲ ವರ್ಷವಿಡೀ ಅಲ್ಲೇ ಕೂಡಿರುತ್ತದೆ. ಆದರೆ ಕುರಿಯುಣ್ಣೆಯಲ್ಲಿರುವ ಲ್ಯಾನೊಲಿನ್ ಎಂಬ ಜಿಡ್ಡು ಅಲ್ಪಾಕದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಧೂಳು ಉಣ್ಣೆಗೆ ಅಂಟಿಕೊಂಡಿರುವುದಿಲ್ಲ, ಸುಮ್ಮನೆ ಕುಳಿತಿರುತ್ತದೆ. ಕುಳಿತದ್ದನ್ನು ಎಬ್ಬಿಸಲು ನೀರು ಬೇಕಿಲ್ಲ, ಅಲುಗಾಡಿಸಿದರೆ ಸಾಕು.

ಕುರಿಯ ಲೆಕ್ಕ ಬೇರೆ ಎಂದು ತಮ್ಮ ತಕರಾರು ತೆಗೆದ. ನಮ್ಮದು ಮೆರಿನೋ ಕುರಿಯಾಗಿದ್ದರೆ ಅವನ ಮಾತು ನಿಜವಾಗುತ್ತಿತ್ತು, ಏಕೆಂದರೆ ಆ ಉಣ್ಣೆಯ ಜಿಡ್ಡಿನಿಂದ ಮುಲಾಮು ತಯಾರಿಸುವಷ್ಟು ಜಿಡ್ಡು ಅದರಲ್ಲಿರುತ್ತದೆ. ಆದರೆ ತಮ್ಮನ ದೊಡ್ಡಿಯಲ್ಲಿರುವುದು ಡೆಕ್ಕನಿ ತಳಿ, ಊರ ಮಾತಿನಲ್ಲಿ ಜವಾರಿ ಕರಿಕುರಿ. ಅದರ ಉಣ್ಣೆ ಅರ್ಧ ಉಣ್ಣೆ, ಅರ್ಧ ಕೂದಲು. ಮುಟ್ಟಿದರೆ ಒರಟು, ಜಿಡ್ಡು ಅತ್ಯಲ್ಪ. ಮೃದುವಲ್ಲವೆಂದು ಪೇಟೆಯವರು ಕೈಬಿಟ್ಟ ಈ ಉಣ್ಣೆಗೆ ಈ ಒಂದು ಗುಣದಲ್ಲಾದರೂ ದುಬಾರಿ ಅಲ್ಪಾಕದ ನೆಂಟಸ್ತನ ಸಿಕ್ಕಿತಲ್ಲ ಎಂದು ನನಗೆ ಒಳಗೊಳಗೇ ಹಿಗ್ಗಾಯಿತು. ಹಿಂದೆ ಕತ್ತರಿ ಹಾಕುವ ಮುನ್ನ ಕುರಿಗಳನ್ನು ಕಾಗಿಣಾ ಹೊಳೆಗೆ ಇಳಿಸಿ, ಮೈ ತಿಕ್ಕಿ ತೊಳೆದು, ಒಣಗಿಸಿ ತರುತ್ತಿದ್ದರು. ಈಗ ಬೇಸಿಗೆಯ ಸರದಿ ಬರುವ ಹೊತ್ತಿಗೆ ಹೊಳೆಯಲ್ಲಿ ಗೊರಸು ಮುಳುಗುವಷ್ಟು ನೀರಿದ್ದರೆ ಅದೇ ಪುಣ್ಯ. ನೀರಿಲ್ಲದೆ ನಡೆಯುವ ಕೆಲಸವೆಂದರೆ ನಮ್ಮ ಸೀಮೆಯಲ್ಲಿ ಯಾರ ಕಿವಿಯಾದರೂ ನೆಟ್ಟಗಾಗುತ್ತದೆ.

ಯಂತ್ರ ಕಟ್ಟಲು ಹನ್ನೊಂದು ದಿನ ಹಿಡಿಯಿತು. ಅದು ಯಂತ್ರವಲ್ಲವೆಂದು ತಿಳಿಯಲು ಒಂದು ನಿಮಿಷ ಸಾಕಾಯಿತು. ಮೋಟರು ನಿಮಿಷಕ್ಕೆ 1440 ಸುತ್ತು ತಿರುಗುವಂಥದು. ಅದರ ತುದಿಗೆ ಎರಡು ಇಂಚಿನ ಪುಲ್ಲಿ ಹಾಕಿ, ಬೆಲ್ಟನ್ನು ನೇರವಾಗಿ ಮೂರು ಅಡಿಯ ಪ್ಲೈವುಡ್ ಚಕ್ರದ ಅಂಚಿಗೆ ಸುತ್ತಿದ್ದೆ. ಹಾಗೆ ಲೆಕ್ಕ ಹಾಕಿದರೆ ಪೀಪಾಯಿ ನಿಮಿಷಕ್ಕೆ 80 ಸುತ್ತು ತಿರುಗಬೇಕು, ತಿರುಗಿತು ಕೂಡ. ಓಣಿಯ ಹುಡುಗರೆಲ್ಲ ನೆರೆದು ನೋಡುತ್ತಿರುವಾಗ ಎರಡು ಕಿಲೋ ಉಣ್ಣೆ ಜಾಲರಿಯ ಒಳಮೈಗೆ ಕಚ್ಚಿಕೊಂಡು, ಗಡಿಗೆಯ ತಳಕ್ಕೆ ಹತ್ತಿದ ಅಂಬಲಿಯಂತೆ, ಪೀಪಾಯಿಯ ಜೊತೆಗೇ ಸುತ್ತತೊಡಗಿತು. ಬೀಳಲಿಲ್ಲ, ಅಲುಗಲಿಲ್ಲ, ಒಂದು ಚಿಟಿಕೆ ಮಣ್ಣು ಉದುರಲಿಲ್ಲ. ಅರ್ಧ ಗಂಟೆಯ ನಂತರ ತೆಗೆದಾಗ ಉಣ್ಣೆ ಹೋದ ಹಾಗೆಯೇ ಹೊರಬಂತು. ನನ್ನ ಮುಖ ಮಾತ್ರ ಬದಲಾಗಿತ್ತು.

ರೋಗವನ್ನು ಪತ್ತೆ ಹಚ್ಚಿದವರು ವಾಡಿಯ ಕಡೆ ಸಿಮೆಂಟಿನ ಕೆಲಸದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ನೆರೆಮನೆಯವರು. ಸಿಮೆಂಟ್ ಅರೆಯುವ ಬಾಲ್ ಮಿಲ್ ಕೂಡ ಅಡ್ಡ ಮಲಗಿದ ಪೀಪಾಯಿಯೇ. ಅದರೊಳಗೆ ಉಕ್ಕಿನ ಗುಂಡುಗಳು ಮೇಲೇರಿ ಬೀಳುವಾಗ ಕಲ್ಲು ಪುಡಿಯಾಗುತ್ತದೆ. ವೇಗ ಒಂದು ಮಿತಿ ದಾಟಿದರೆ ಗುಂಡುಗಳು ಗೋಡೆಗೆ ಅಂಟಿ ಸುತ್ತುತ್ತವೆಯೇ ಹೊರತು ಬೀಳುವುದಿಲ್ಲ. ಆದ್ದರಿಂದ ಮಿಲ್ಲನ್ನು ಆ ಮಿತಿಯ ಮುಕ್ಕಾಲು ಭಾಗದ ಆಸುಪಾಸಿನಲ್ಲಿ ಓಡಿಸುತ್ತಾರೆ. ನನಗೆ ಅಚ್ಚರಿಯಾದ ಸಂಗತಿಯೆಂದರೆ, ಈ ಮಿತಿ ಒಳಗಿರುವ ವಸ್ತುವಿನ ತೂಕವನ್ನು ಕೇಳುವುದೇ ಇಲ್ಲ, ಪೀಪಾಯಿಯ ವ್ಯಾಸವನ್ನು ಮಾತ್ರ ಕೇಳುತ್ತದೆ. ಉಕ್ಕಾಗಲಿ ಉಣ್ಣೆಯಾಗಲಿ, ಮೂರು ಅಡಿಯ ಪೀಪಾಯಿಗೆ ಅದು ನಿಮಿಷಕ್ಕೆ ಸುಮಾರು 45 ಸುತ್ತು. ಅವರು ಸೀಮೆಸುಣ್ಣದಿಂದ ನಮ್ಮ ಶಹಾಬಾದ ಫರಸಿಯ ಮೇಲೆ ಲೆಕ್ಕ ಬರೆದು ತೋರಿಸಿದರು, ಮರುದಿನ ಅದನ್ನು ಯಾರೂ ಸಾರಿಸಲು ನಾನು ಬಿಡಲಿಲ್ಲ. ನಡುವೆ ಇನ್ನೊಂದು ದಂಡ ಕೂಡಿಸಿ, ಅದರ ಒಂದು ಕಡೆ ಹನ್ನೆರಡು ಇಂಚಿನ ಪುಲ್ಲಿ, ಇನ್ನೊಂದು ಕಡೆ ನಾಲ್ಕು ಇಂಚಿನದು ಹಾಕಿದ ಮೇಲೆ ಪೀಪಾಯಿಯ ಓಟ ಸುಮಾರು 27 ಸುತ್ತಿಗೆ ಇಳಿಯಿತು. ಒಳಗೆ ಎರಡು ಮರದ ಪಟ್ಟಿಗಳನ್ನು ಉದ್ದಕ್ಕೆ ಬಡಿದೆ. ಈಗ ಉಣ್ಣೆ ಪಟ್ಟಿಯ ಮೇಲೆ ಕುಳಿತು ನೆತ್ತಿಯವರೆಗೆ ಏರುತ್ತದೆ, ಅಲ್ಲಿ ಒಂದು ಕ್ಷಣ ಯೋಚಿಸುತ್ತದೆ, ಆಮೇಲೆ ಮೈ ಸಡಿಲಿಸಿ ಬೀಳುತ್ತದೆ. ಬೀಳುವಾಗಿನ ಮೆತ್ತನೆಯ ‘ಧಪ್’ ಸದ್ದಿಗೆ ನಾನು ಒಂದೆರಡು ಸಲ ಕುರ್ಚಿಯಲ್ಲೇ ನಿದ್ದೆ ಹೋಗಿ, ಹದಿನೈದು ನಿಮಿಷದ ಕೆಲಸವನ್ನು ಒಂದೂವರೆ ಗಂಟೆ ಓಡಿಸಿದ್ದೇನೆ. ಅದರಲ್ಲೊಮ್ಮೆ ಉಣ್ಣೆ ಸರಿಯಾಗಿ ಒಣಗಿರಲಿಲ್ಲ. ಹಸಿ ಉಣ್ಣೆ ಉಜ್ಜಾಡಿದರೆ ಎಳೆಯ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾರದಂತೆ ಹೆಣೆದುಕೊಳ್ಳುತ್ತವೆ ಎಂಬುದು ನನಗೆ ತಿಳಿದದ್ದು, ಬಾಗಿಲು ತೆರೆದಾಗ ಮೊಳಕೈ ದಪ್ಪದ ಹಗ್ಗಗಳು ಹೊರಬಂದ ಮೇಲೆ. ತಮ್ಮ ಅವುಗಳಿಂದ ಎತ್ತಿನ ಹಣೆಗೆ ಅಲಂಕಾರ ಮಾಡಿದ.

ಯಂತ್ರದ ಬಳಿ ಹೋಗುವಾಗ ಮೂಗಿಗೆ ದಸ್ತಿ ಕಟ್ಟಿಕೊಳ್ಳುವ ವಿಷಯದಲ್ಲಿ ನಾನು ಹಟಮಾರಿ. ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಟೈಟಸ್ ಸಾಲ್ಟ್ ಎಂಬ ಗಿರಣಿ ಮಾಲೀಕ 1836ರಲ್ಲಿ ಅಲ್ಪಾಕದ ಬೆನ್ನು ಹತ್ತಿ ಎಷ್ಟು ಗಳಿಸಿದನೆಂದರೆ, 1853ರಲ್ಲಿ ಊರ ಹೊರಗೆ ಹೊಸ ಗಿರಣಿ ತೆರೆದು ಅದರ ಸುತ್ತ ಕಾರ್ಮಿಕರಿಗಾಗಿ ಸಾಲ್ಟೇರ್ ಎಂಬ ಊರನ್ನೇ ಕಟ್ಟಿಸಿದ. ಅದೇ ಬ್ರಾಡ್‌ಫರ್ಡಿನಲ್ಲಿ ಅಲ್ಪಾಕದ ಉಣ್ಣೆಯನ್ನೂ ಮೊಹೇರ್ ಎಂಬ ಆಡಿನ ಉಣ್ಣೆಯನ್ನೂ ಕೈಯಿಂದ ವಿಂಗಡಿಸುತ್ತಿದ್ದ ಕೂಲಿಗಳು ಕೆಲವೇ ದಿನಗಳ ಜ್ವರದಲ್ಲಿ ಸಾಯುತ್ತಿದ್ದರು. 1880ರ ಹೊತ್ತಿಗೆ, ಅದು ಉಣ್ಣೆಯ ಧೂಳಿನ ಜೊತೆ ಉಸಿರಿಗೆ ಹೋಗುವ ಆಂಥ್ರಾಕ್ಸ್ ಎಂದು ಗೊತ್ತಾಯಿತು. ಆಂಥ್ರಾಕ್ಸ್ ಎಂದರೆ ನಮ್ಮ ಕುರುಬರು ಹೆಸರು ಕೇಳಿದರೇ ಬೆಚ್ಚುವ ನೆರಡಿ ರೋಗ. ಆದ್ದರಿಂದ ರೋಗದಿಂದ ಸತ್ತ ಕುರಿಯ ಉಣ್ಣೆಯನ್ನು ನಮ್ಮ ಶೆಡ್ಡಿನ ಹೊಸ್ತಿಲು ದಾಟಿಸುವಂತಿಲ್ಲ. ಉಳಿದಂತೆ ಗಾಳಿ ಬೀಸುವ ದಿಕ್ಕು ನೋಡಿ ಕುರ್ಚಿ ಹಾಕಿಕೊಳ್ಳುತ್ತೇನೆ. ರಾಶಿ ತೂರುವ ಕಾಲದಲ್ಲಿ ಕಣದ ಹಿರಿಯರು ಮಾಡುತ್ತಿದ್ದುದೂ ಅದನ್ನೇ.

ಈ ಯಂತ್ರದ ನಿಜವಾದ ಪರೀಕ್ಷಕಿ ಎಂಬತ್ತು ದಾಟಿದ ನಮ್ಮ ಓಣಿಯ ಅಜ್ಜಿ. ಬಿಲ್ಲಿನ ನಾರಿ ಮಿಡಿದು ಉಣ್ಣೆ ಹಿಂಜುವುದನ್ನೂ, ರಾಟಿಯಲ್ಲಿ ನೂಲುವುದನ್ನೂ, ಗುಣಿಮಗ್ಗಕ್ಕೆ ಏರಿಸುವ ಮೊದಲು ಹಾಸು ನೂಲಿಗೆ ಹುಣಸೆಬೀಜದ ಗಂಜಿ ಕುಡಿಸುವುದನ್ನೂ ಬಲ್ಲವಳು. ಮೊದಲ ದಿನ ಬಂದು, ಸೊಂಟದ ಮೇಲೆ ಕೈಯಿಟ್ಟು, ನಾಲ್ಕು ಸುತ್ತು ನೋಡಿ, “ಯಪ್ಪಾ, ಇದು ಉಣ್ಣಿ ಹಸನ ಮಾಡ್ತದೋ, ಉಣ್ಣಿಗಿ ಜೋಕಾಲಿ ಆಡಸ್ತದೋ?” ಎಂದಳು. ಯಂತ್ರ ನಿಂತ ಮೇಲೆ ಒಂದು ಹಿಡಿ ಉಣ್ಣೆ ತೆಗೆದು ಮೊಣಕಾಲ ಮೇಲೆ ಹರವಿಕೊಂಡಳು. ಎರೆಮಣ್ಣು ಹೋಗಿತ್ತು, ಒಣಗಿದ ಹಿಕ್ಕೆ ಹೋಗಿತ್ತು, ತೊಗರಿ ಎಲೆಯ ಪುಡಿ ಹೋಗಿತ್ತು, ಕತ್ತರಿ ಎರಡು ಸಲ ತಾಗಿ ತುಂಡಾದ ಮೋಟು ಎಳೆಗಳೂ ಹೋಗಿದ್ದವು. ಆದರೆ ಉತ್ತರಾಣಿಯ ಬೀಜ ಒಂದೂ ಹೋಗಿರಲಿಲ್ಲ. ಅಕ್ಕಿಕಾಳಿಗಿಂತ ಸಣ್ಣದಾದ, ತುದಿಯಲ್ಲಿ ಸೂಜಿ ಮುಳ್ಳುಗಳಿರುವ ಆ ಬೀಜವನ್ನು ಅಜ್ಜಿ ಹೆಬ್ಬೆರಳು ತೋರುಬೆರಳಿನ ಉಗುರುಗಳ ನಡುವೆ ಹಿಡಿದು, ಬಂದ ದಿಕ್ಕಿಗೇ ಹಿಂದಕ್ಕೆ ಎಳೆದಳು. ಅದು ಒಂದು ಎಳೆಯನ್ನೂ ಕೀಳದೆ ಈಚೆ ಬಂತು. ನಾನು ಮಾಡಲು ಹೋದಾಗ ಬೀಜದ ಜೊತೆ ಒಂದು ಗೊಂಚಲು ಉಣ್ಣೆಯೂ ಬಂತು. ನೆಗ್ಗಿನ ಮುಳ್ಳು, ಹುಲ್ಲಿನ ಸೂಜಿ ಇವುಗಳ ಕಥೆಯೂ ಅದೇ. ಯಂತ್ರವನ್ನು ಎಷ್ಟು ಹೊತ್ತು ತಿರುಗಿಸಿದರೂ ಅವು ಇನ್ನಷ್ಟು ಆಳಕ್ಕೆ ಇಳಿಯುತ್ತವೆ. ಪರದೇಶದ ರೈತನೂ ಅಲ್ಪಾಕದ ಉಣ್ಣೆಯನ್ನು ಯಂತ್ರಕ್ಕೆ ಹಾಕುವ ಮೊದಲು ಮೇಜಿನ ಮೇಲೆ ಹರವಿ ಕಸ ಆರಿಸುತ್ತಿದ್ದುದು ನನಗೆ ಆಗ ನೆನಪಾಯಿತು; ಮೊದಲ ಸಲ ನೋಡುವಾಗ ಆ ಭಾಗವನ್ನು ನಾನೇ ಬೆರಳಿನಿಂದ ಸರಿಸಿ ಮುಂದಕ್ಕೆ ಓಡಿಸಿದ್ದೆ.

ಇಷ್ಟೆಲ್ಲ ಮಾಡಿದ ಉಣ್ಣೆಗೆ ಬೆಲೆ ಎಷ್ಟು ಎಂದು ಕೇಳುವವರಿಗೆ ಕತ್ತರಿಸಿದವನ ಕೂಲಿಯನ್ನೇ ತೋರಿಸುತ್ತೇನೆ, ಎರಡನ್ನೂ ಹೋಲಿಸಿದರೆ ಕೂಲಿಯೇ ಹೆಚ್ಚು. ಮಾಂಸಕ್ಕಾಗಿ ಕೆಂಗುರಿ ಸಾಕುವವರು ಉಣ್ಣೆಯ ಗೊಡವೆಯನ್ನೇ ಬಿಟ್ಟಿದ್ದಾರೆ, ಹಾಸಲು ಹೊದೆಯಲು ನೈಲಾನಿನ ಚಾದರ ಬಂದಿದೆ. ವಿಶ್ವಸಂಸ್ಥೆ 2024ನ್ನು ಅಲ್ಪಾಕವೂ ಸೇರಿದ ಒಂಟೆ ಬಳಗದ ವರ್ಷವೆಂದೂ, 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದೂ ಸಾರಿದೆ ಎಂದು ನಾನು ತಮ್ಮನಿಗೆ ಹೇಳಿದಾಗ, ಆ ವರ್ಷ ಉಣ್ಣೆಗೆ ರೇಟು ಏರುತ್ತದೆಯೇ ಎಂದಷ್ಟೇ ಕೇಳಿ ಬೀಡಿ ಹಚ್ಚಿದ.

ಉಣ್ಣೆಯಿಂದ ಸಿಗದ ಆದಾಯ ಕಸದಿಂದ ಸಿಗುತ್ತದೆ ಎಂದರೆ ನಗುತ್ತೀರಿ. ಎರಡು ಕಿಲೋ ಉಣ್ಣೆ ಹಾಕಿದರೆ ಕಾಲು ಕಿಲೋದ ಮೇಲೆ ಕಸ ಬೀಳುತ್ತದೆ. ಅರ್ಧ ಮಣ್ಣು, ಅರ್ಧ ಹಿಕ್ಕೆ, ನಡುನಡುವೆ ಮೋಟು ಉಣ್ಣೆ. ಒಂದು ರಾತ್ರಿ ಹೊಲದಲ್ಲಿ ಕುರಿ ತರುಬಿಸಲು ಕಾಳು ಕೊಡುವ ಸೀಮೆಯಲ್ಲಿ ಅದು ಕಸವಲ್ಲ. ಕಳೆದ ಬೇಸಿಗೆಯ ಕಸವನ್ನೆಲ್ಲ ಶೆಡ್ಡಿನ ಹಿಂದೆ ಗುಡ್ಡೆ ಹಾಕಿ, ಬಿತ್ತುವ ಮೊದಲು ತೊಗರಿಯ ಹೊಲಕ್ಕೆ ಸಾಗಿಸಬೇಕೆಂದುಕೊಂಡು ಮರೆತೆ. ಮಿರಗದ ಮಳೆ ಬಿದ್ದ ಐದನೆಯ ದಿನ ನೋಡಿದರೆ ಗುಡ್ಡೆ ಹಸಿರಾಗಿತ್ತು. ಹೆಸರು ಗೊತ್ತಿಲ್ಲದ ಮೂರು ಬಗೆಯ ಹುಲ್ಲು, ಯಾವುದೋ ಹೊಲದಿಂದ ಕುರಿಯ ಬೆನ್ನೇರಿ ಬಂದ ಎರಡು ಜೋಳದ ಸಸಿ, ಒಂದು ತೊಗರಿ. ಉತ್ತರಾಣಿ ಮಾತ್ರ ಅಲ್ಲಿರಲಿಲ್ಲ. ಅದು ಅಜ್ಜಿ ದಿನವೂ ಕುಳಿತು ಬೀಜ ಬಿಡಿಸುತ್ತಿದ್ದ ಕಟ್ಟೆಯ ಕೆಳಗೆ, ಆಕೆಯ ಕೈಯಳತೆಯಲ್ಲಿ, ಅರ್ಧ ವೃತ್ತಾಕಾರವಾಗಿ ಹುಟ್ಟಿತ್ತು.