ಕಾಣಲಿಲ್ಲ ಅನ್ನೋದು ಬೇರೆ, ಚೊಲೋ ಇರಲಿಲ್ಲ ಅನ್ನೋದು ಬೇರೆ

2019ರ ಏಪ್ರಿಲ್ 29, ಸೋಮವಾರ, ಬೆಳಿಗ್ಗೆ 6.30. ಲೋಕಸಭೆಗೆ ಓಟು ಹಾಕಿ ಆರೇ ದಿನ, ಬೆರಳಿನ ಶಾಯಿ ಇನ್ನೂ ಅಳಿಸಿರಲಿಲ್ಲ. ಅಮೆರಿಕದಲ್ಲಿ ಭಾನುವಾರ ರಾತ್ರಿ 9ಕ್ಕೆ ಎಚ್‌ಬಿಒದಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಎಂಟನೇ ಸೀಸನ್ನಿನ ಮೂರನೇ ಕಂತು (ಎದ್ದು ಬಂದ ಹೆಣಗಳ ಸೈನ್ಯ ರಾತ್ರಿ ವಿಂಟರ್‌ಫೆಲ್ ಕೋಟೆಗೆ ನುಗ್ಗುವ ಕಂತು) ಶುರುವಾದ ಹೊತ್ತಿಗೇ ನಮಗೆ ಹಾಟ್‌ಸ್ಟಾರ್‌ನಲ್ಲೂ ಬಂತು. ಕಲಬುರಗಿಯಲ್ಲಿ ಆಗ ಸೂರ್ಯ ಹುಟ್ಟಿ ಅರ್ಧ ತಾಸು. 82 ನಿಮಿಷದ ಕಂತು, ಮುಗಿಯೋದು 7.52ಕ್ಕೆ. ಏಪ್ರಿಲ್-ಮೇ ಬಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳು 8ಕ್ಕೇ ತೆರೆಯುತ್ತವೆ. ನೌಕರಿ ಮಂದಿ ಹೆಂಗ ನೋಡಿರಬೇಕು ಅಂತ ನೀವೇ ಲೆಕ್ಕ ಹಾಕ್ರಿ: ಕಿಟಕಿ ತೆರೆದಿದೆ, ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಮೊಬೈಲು.

ಅವತ್ತು ಎಲ್ಲ ಕಡೆ ಎದ್ದ ಕೂಗು ಒಂದೇ. ನಮ್ಮ ಭಾಷೆಯಲ್ಲಿ ಹೇಳೋದಾದರೆ, “ಏನೂ ಕಾಣವಲ್ದು ಮಾರಾಯಾ!” ಇವತ್ತಿಗೂ ಆ ಕಂತಿನ ಮಾತು ಬಂದರೆ ಮೊದಲು ಬರೋದು ಅದೇ. ಅದರ ಬೆನ್ನಿಗೇ “ಯುದ್ಧ ದಡ್ಡರು ಮಾಡಿದಂಗಿತ್ತು”, “ಆರ್ಯ ಎಲ್ಲಿಂದ ಬಂದಳು?” ಅನ್ನೋದು (ಶತ್ರುಗಳ ದೊರೆ ನೈಟ್ ಕಿಂಗ್‌ನನ್ನು ಕೊನೆಗೆ ಕೊಲ್ಲುವ ಹುಡುಗಿ ಈ ಆರ್ಯ). ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಿ ‘ಕಂತು ಕೆಟ್ಟದ್ದು’ ಅಂತ ತೀರ್ಪು ಕೊಡೋದು ನನಗೆ ಒಪ್ಪಿಗೆ ಇಲ್ಲ. ಮೊದಲನೆಯದು ಬೆಳಕಿನ ಲೆಕ್ಕ, ಉಳಿದೆರಡು ಕಥೆಯ ಲೆಕ್ಕ. ಕಂಡ ಮೇಲೆ ಬೈಯೋಣ, ಅದಕ್ಕೆ ಬೇಕಾದಷ್ಟು ಕಾರಣ ಇವೆ.

ಬೆಳಕಿನಿಂದ ಶುರು ಮಾಡೋಣ. ಸಾಧಾರಣ ಎಲ್‌ಇಡಿ ಟಿವಿ ಪೂರ್ತಿ ಬಿಳಿ ತೋರಿಸುವಾಗ ಸುಮಾರು 250 ನಿಟ್ (ಪರದೆಯ ಬೆಳಕಿನ ಅಳತೆ) ಬೆಳಕು ಕೊಡುತ್ತದೆ ಅಂದುಕೊಳ್ರಿ. ಸಿಗ್ನಲ್ 10 ಶೇಕಡಾಕ್ಕೆ ಇಳಿದರೆ ಪರದೆಯ ಬೆಳಕು 25 ನಿಟ್ ಆಗಂಗಿಲ್ಲ, ಗಾಮಾದ (ಸಿಗ್ನಲ್ಲನ್ನು ಬೆಳಕಾಗಿ ಬದಲಿಸುವ ಲೆಕ್ಕ) ದೆಸೆಯಿಂದ ಬರೀ ಒಂದೂವರೆ ನಿಟ್‌ಗೆ ಬೀಳುತ್ತದೆ. ಈ ಕಂತಿನ ಬಹುಪಾಲು ನಡೆಯೋದು ಅಂಥ ಕತ್ತಲಲ್ಲೇ. ಇನ್ನು ಕೋಣೆಯ ಕಡೆ ನೋಡ್ರಿ. ಕಿಟಕಿ ತೆರೆದ ಕೋಣೆಯಲ್ಲಿ ಪರದೆಯ ಮೇಲೆ 300 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಬೀಳುತ್ತಿದ್ದು, ಗಾಜು ಅದರಲ್ಲಿ ಬರೀ 2 ಶೇಕಡಾ ಕಣ್ಣಿಗೆ ಎಸೆದರೂ ಅದು (6 ಲಕ್ಸನ್ನು 3.14ರಿಂದ ಭಾಗಿಸಿದರೆ) ಹತ್ತಿರ ಹತ್ತಿರ 2 ನಿಟ್. ಅಂದರೆ ಚಿತ್ರದ ಬೆಳಕಿಗಿಂತ ನಿಮ್ಮ ಕಿಟಕಿಯ ಬೆಳಕೇ ಹೆಚ್ಚು. ಇಂಥಲ್ಲಿ ಎಷ್ಟು ದುಬಾರಿ ಟಿವಿ ತಂದರೂ ಕಥೆಯ ನಾಯಕ ಜಾನ್ ಸ್ನೋ ಬದಲು ನಿಮ್ಮ ಬನಿಯನ್ನೇ ಕಾಣೋದು.

ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೆರಡು ಸೇರುತ್ತವೆ. ಒಂದು, ತಿಕ್ಕಿ ನುಣುಪು ಮಾಡಿದ ಶಹಾಬಾದ್ ಫರಸಿ. ಬಾಗಿಲ ಬೆಳಕು ನೆಲಕ್ಕೆ ಬಿದ್ದು ಅಲ್ಲಿಂದ ಪರದೆಗೆ ಏರುತ್ತದೆ. ಟಿವಿ ಮುಂದೆ ಒಂದು ಜಮಖಾನ ಹಾಸಿದರೂ ಫರಕು ಗೊತ್ತಾಗುತ್ತದೆ. ಎರಡನೆಯದು, ಕಿಟಕಿಗೆ ಕೂರಿಸಿದ ಕೂಲರ್. ಬೇಸಿಗೆಯಲ್ಲಿ ಅದನ್ನು ತೆಗೆಯಿರಿ ಅಂತ ಯಾರಿಗೂ ಹೇಳೋಕಾಗಲ್ಲ. ಆದರೆ ಅದರ ಸುತ್ತಲಿನ ಸಂದಿಯಿಂದ ಬರುವ ಬೆಳಕಿಗೆ ರಟ್ಟು ಇಡಬಹುದು. ಅದರ ಸದ್ದಿಗೆ ಮಾತ್ರ ಹೆಡ್‌ಫೋನೇ ಮದ್ದು. ಗ್ರಂಥಾಲಯದಲ್ಲಿ ಆರ್ಯ ಸತ್ತವರ ನಡುವೆ ಉಸಿರು ಬಿಗಿಹಿಡಿದು ಓಡಾಡುವ ದೃಶ್ಯದಲ್ಲಿ ಒಂದು ಹನಿ ರಕ್ತ ನೆಲಕ್ಕೆ ಬೀಳುವ ಸಪ್ಪಳವೇ ಕಥೆ. ಕೂಲರ್ ಭರ್ ಅನ್ನುತ್ತಿದ್ದರೆ ಆ ದೃಶ್ಯ ಅರ್ಧ ಹೋದಂತೆ. ಧ್ವನಿ ವಿಭಾಗದಲ್ಲಿ ಎರಡು ಎಮ್ಮಿ ಗೆದ್ದ ಕಂತಿದು. ಆ ಕೆಲಸ ಕಿವಿಗೆ ತಲುಪದಿದ್ದರೆ ನಷ್ಟ ನಮಗೇ.

“ಲೈನ್‌ನಲ್ಲಿ ವೋಲ್ಟೇಜ್ ಕಮ್ಮಿ, ಅದಕ್ಕ ಟಿವಿ ಮಬ್ಬು” ಅನ್ನುವವರೂ ಇದ್ದಾರೆ. ಹಳೆಯ ಡಬ್ಬಾ ಟಿವಿಗೆ ಸರಿ. ಈಗಿನ ಟಿವಿಗಳ ಪವರ್ ಸಪ್ಲೈ ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೂ ಒಂದೇ ಬೆಳಕು ಕೊಡುತ್ತದೆ. ಅದರ ಕೆಳಗೆ ಇಳಿದರೆ ಬಂದ್ ಆಗುತ್ತದೆಯೇ ಹೊರತು ಮಬ್ಬಾಗಂಗಿಲ್ಲ.

ಎರಡನೇ ಕಳ್ಳ ಕಂಪ್ರೆಶನ್, ಅಂದರೆ ಕಳಿಸೋಕೆ ಅಂತ ಚಿತ್ರದ ಡೇಟಾ ಕುಗ್ಗಿಸೋದು. ಆಗ ಸ್ಟ್ರೀಮಿಂಗ್‌ನಲ್ಲಿ ಬಂದದ್ದು 8 ಬಿಟ್ ಚಿತ್ರ. ಕಪ್ಪಿಗೆ 16, ಬಿಳಿಗೆ 235, ಒಟ್ಟು ಬೆಳಕಿನ 220 ಮೆಟ್ಟಿಲು. ಕೆಳಗಿನ ಹತ್ತನೇ ಒಂದು ಭಾಗಕ್ಕೆ ಸಿಗೋದು 22 ಮೆಟ್ಟಿಲು ಅಷ್ಟೇ. ಮಂಜು, ಹೊಗೆ, ರಾತ್ರಿಯ ಆಕಾಶ ಎಲ್ಲ ಆ 22ರಲ್ಲೇ ಹಿಡಿಯಬೇಕು. ಅದಕ್ಕೇ ಆಕಾಶದಲ್ಲಿ ಪಟ್ಟಿ ಪಟ್ಟಿ ಗೆರೆ ಕಂಡದ್ದು. ಇದೇ ಚಿತ್ರ 10 ಬಿಟ್‌ನಲ್ಲಿದ್ದರೆ ಅಷ್ಟೇ ಕತ್ತಲಿಗೆ ಸುಮಾರು 88 ಮೆಟ್ಟಿಲು ಸಿಗುತ್ತವೆ. ಇದರ ಮೇಲೆ ಹಿಮಗಾಳಿ ಬೇರೆ. ಚಿತ್ರ ಕುಗ್ಗಿಸುವ ಎನ್‌ಕೋಡರ್ ಮಾಡೋದು ಹಿಂದಿನ ಫ್ರೇಮಿಗೂ ಈ ಫ್ರೇಮಿಗೂ ಏನು ಬದಲಾಯಿತು ಅನ್ನುವುದನ್ನಷ್ಟೇ ಕಳಿಸುವ ಕೆಲಸ. ಹಿಮ ಬೀಳುವಾಗ ಪ್ರತಿ ಫ್ರೇಮಿನಲ್ಲಿ ಎಲ್ಲವೂ ಬದಲು. ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) ಸಾಲದೆ ಹೋದಾಗ ಅದು ಮೊದಲು ಬಿಟ್ಟುಕೊಡೋದು ಕತ್ತಲೆಯೊಳಗಿನ ಸಣ್ಣ ವ್ಯತ್ಯಾಸಗಳನ್ನು. ಬ್ಲೂ-ರೇ ಡಿಸ್ಕಿಗೆ 40 ಎಂಬಿಪಿಎಸ್‌ವರೆಗೆ ಅವಕಾಶ ಇದೆ, ಸ್ಟ್ರೀಮಿಂಗ್‌ನ 1080ಪಿ ಸುಮಾರು 5ರಲ್ಲಿ ಕೆಲಸ ಮುಗಿಸುತ್ತದೆ. ಟವರ್ ಮೇಲೆ ಜನ ಜಾಸ್ತಿಯಾದರೆ ಅದೂ ಇಳಿಯುತ್ತದೆ. ಅದಕ್ಕೆ ಹಿಂದಿನ ರಾತ್ರಿ ವೈಫೈನಲ್ಲಿ ಹೈ ಕ್ವಾಲಿಟಿ ಆರಿಸಿ ಡೌನ್‌ಲೋಡ್ ಮಾಡಿಟ್ಟು ನೋಡ್ರಿ. ನಡುವೆ ಗುಣಮಟ್ಟ ಕುಸಿಯುವ ಮಾತೇ ಬರಲ್ಲ.

ಮೊಬೈಲ್‌ನಲ್ಲಿ ನೋಡುವವರು ಇನ್ನೊಂದು ಪರೀಕ್ಷೆ ಮಾಡ್ರಿ. ಫೋನಿನ ವೈಡ್‌ವೈನ್ (ಕಳ್ಳ ನಕಲು ತಡೆಯುವ ಬೀಗ) ಮಟ್ಟ ಎಲ್1 ಇದೆಯೋ ಎಲ್3 ಇದೆಯೋ ಅಂತ ತೋರಿಸುವ ಉಚಿತ ಆ್ಯಪ್‌ಗಳಿವೆ. ಎಲ್3 ಇದ್ದರೆ ನೀವು ಎಷ್ಟೇ ದೊಡ್ಡ ಪ್ಲಾನ್ ಹಾಕಿಸಿದ್ದರೂ ಸಾಮಾನ್ಯವಾಗಿ ಎಸ್‌ಡಿ (ಕಡಿಮೆ ಸ್ಪಷ್ಟತೆಯ) ಚಿತ್ರವೇ ಬರೋದು. ಬ್ಯಾಟರಿ ಸೇವರ್, ಆಟೋ ಬ್ರೈಟ್‌ನೆಸ್ ಎರಡನ್ನೂ ಬಂದ್ ಮಾಡ್ರಿ.

ಟಿವಿಯ ಸೆಟ್ಟಿಂಗ್‌ನಲ್ಲಿ ಮಂದಿ ಮಾಡುವ ದೊಡ್ಡ ತಪ್ಪು ಅಂದರೆ, ಕಾಣವಲ್ದು ಅಂತ ‘ಬ್ರೈಟ್‌ನೆಸ್’ ಏರಿಸೋದು. ಬಹಳಷ್ಟು ಟಿವಿಗಳಲ್ಲಿ ಅದು ಏರಿಸೋದು ಬೆಳಕನ್ನಲ್ಲ, ಕಪ್ಪಿನ ಮಟ್ಟವನ್ನು. ಕಪ್ಪು ಬೂದಿಯಾಗುತ್ತದೆ, ಆಮೇಲೆ ಏನೂ ಎದ್ದು ಕಾಣಂಗಿಲ್ಲ. ಬೀದರಿನ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿದರಿ ಹೂಜಿಯ ಸತುವು-ತಾಮ್ರದ ಮೈಯನ್ನು ನವಸಾಗರ ಕಲಸಿದ ಕೋಟೆಯ ಮಣ್ಣಿನಲ್ಲಿ ಕರ್ರಗೆ ಮಾಡೋದು ಯಾಕೆ? ಬೆಳ್ಳಿ ಎಳೆ ಮಿಂಚಲಿ ಅಂತ. ಆ ಮೈ ಬೂದಿ ಬಣ್ಣದಲ್ಲೇ ಉಳಿದರೆ ಬೆಳ್ಳಿ ಎಷ್ಟು ಹಾಕಿದರೂ ದಂಡ. ದೋತ್ರಾಕಿ ಅನ್ನುವ ಕುದುರೆ ದಂಡಿನವರ ಕತ್ತಿಯ ಬೆಂಕಿ ದೂರದಲ್ಲಿ ಒಂದೊಂದೇ ಆರಿಹೋಗುವ ದೃಶ್ಯ ಥೇಟ್ ಅಂಥದ್ದೇ ಕುಸುರಿ. ಹಿಂದಿನ ಕಪ್ಪು ಸರಿ ಇದ್ದರೆ ಮಾತ್ರ ಎದೆ ಝಲ್ ಅನ್ನುತ್ತದೆ.

ಹಂಗಾಗಿ ಮೊದಲು ಪಿಕ್ಚರ್ ಮೋಡ್ ‘ವಿವಿಡ್’ನಿಂದ ‘ಸಿನಿಮಾ’ ಅಥವಾ ‘ಮೂವಿ’ಗೆ ತರ್ರಿ. ಬೆಳಕು ಬೇಕಿದ್ದರೆ ಬ್ಯಾಕ್‌ಲೈಟ್ ಏರಿಸ್ರಿ (ಸೋನಿಯಲ್ಲಿ ಬ್ಯಾಕ್‌ಲೈಟಿಗೇ ಬ್ರೈಟ್‌ನೆಸ್ ಅನ್ನುತ್ತಾರೆ, ಕಪ್ಪಿಗೆ ‘ಬ್ಲ್ಯಾಕ್ ಲೆವೆಲ್’ ಬೇರೆ ಇದೆ, ಹೆಸರು ನೋಡಿ ಮೋಸ ಹೋಗಬ್ಯಾಡ್ರಿ). ಇಕೋ ಸೆನ್ಸರ್, ಡೈನಾಮಿಕ್ ಕಾಂಟ್ರಾಸ್ಟ್ ಆಫ್. ಕಪ್ಪು ಸರಿ ಇದೆಯಾ ಅಂತ ತಿಳಿಯಲು ಕಂತಿನ ಕೊನೆಯ ಹೆಸರುಗಳ ಪಟ್ಟಿಗೆ ಹೋಗ್ರಿ. ಕಪ್ಪಿನ ಮೇಲೆ ಬಿಳಿ ಅಕ್ಷರ ಇರುತ್ತದೆ. ಹಿನ್ನೆಲೆ ಬೂದಿಯಾಗುವ ತನಕ ಕಪ್ಪಿನ ಮಟ್ಟ ಏರಿಸಿ, ಮತ್ತೆ ಕರ್ರಗಾಗುವ ಹಂತಕ್ಕೆ ಇಳಿಸಿ ಅಲ್ಲೇ ನಿಲ್ಲಿಸ್ರಿ. ಸೆಟ್‌ಟಾಪ್ ಬಾಕ್ಸ್ ಅಥವಾ ಸ್ಟಿಕ್ ಹಾಕಿದ್ದರೆ ಎಚ್‌ಡಿಎಂಐ ರೇಂಜ್ (ಕಪ್ಪು-ಬಿಳಿಗೆ ಯಾವ ಅಂಕಿ ಅನ್ನುವ ಸೆಟ್ಟಿಂಗ್) ಎರಡೂ ಕಡೆ ಒಂದೇ ಇರಬೇಕು. ಬಾಕ್ಸ್ ‘ಫುಲ್’, ಟಿವಿ ‘ಲಿಮಿಟೆಡ್’ ಆದರೆ ಕತ್ತಲೆಯ ವಿವರ ಪೂರ್ತಿ ನುಂಗಿಹೋಗುತ್ತದೆ. ಅದರ ಉಲ್ಟಾ ಆದರೆ ಎಲ್ಲಕ್ಕೂ ಬೂದಿ ಬಳಿದಂತೆ. ಮತ್ತ ಹೊರಗಿನ ಬಿಸಿಲಿನಿಂದ ಬಂದವರು ಸೀದಾ ಕೂತರೆ ಕಣ್ಣಿಗೆ ಏನೂ ಹಿಡಿಯಲ್ಲ, ಹತ್ತು ನಿಮಿಷ ಕತ್ತಲಿಗೆ ಹೊಂದಲು ಬಿಡ್ರಿ.

ಇಷ್ಟೆಲ್ಲ ಹೇಳಿದ್ದಕ್ಕೆ ತಪ್ಪು ಬರೀ ನೋಡುಗರದ್ದು ಅಂತಲ್ಲ. ಈ ಕಂತಿನ ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಆಗ ಜನರಿಗೆ ಟಿವಿ ಸರಿಯಾಗಿ ಹೊಂದಿಸಿಕೊಳ್ಳೋಕೆ ಬರಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ಅರ್ಧ ಸತ್ಯ. 55 ರಾತ್ರಿ ಚಳಿಯಲ್ಲಿ ನಿಂತು ಚಿತ್ರೀಕರಿಸಿದ ತಂಡದ ಶ್ರಮಕ್ಕೆ ಕೈ ಮುಗಿಯೋಣ. ಆದರೆ ಟಿವಿ ಸರಣಿ ಮಾಡುವವರು ಅಂತಿಮ ಚಿತ್ರವನ್ನು ಸ್ಟುಡಿಯೋದ ಕತ್ತಲೆ ಕೋಣೆಯ ಮಾನಿಟರ್ ಜೊತೆಗೆ ಒಂದು ಅಗ್ಗದ ಟಿವಿಯಲ್ಲಿ, ಕಂಪ್ರೆಸ್ ಆದ ಸ್ಥಿತಿಯಲ್ಲೂ ನೋಡಬೇಕಿತ್ತು. ಇದೇ ಕಂತಿನ ನಿರ್ದೇಶಕ ಮಿಗೆಲ್ ಸಪೋಚ್ನಿಕ್ ಮಾಡಿದ ‘ಹೌಸ್ ಆಫ್ ದಿ ಡ್ರಾಗನ್’ (ಇದರ ಹಿಂದಿನ ಕಾಲದ ಕಥೆ) ಮೊದಲ ಸೀಸನ್ನಿನ ಏಳನೇ ಕಂತು 2022ರ ಅಕ್ಟೋಬರ್‌ನಲ್ಲಿ ಬಂದಾಗ ಮತ್ತೆ ಇದೇ ಗಲಾಟೆ. ಅಲ್ಲಿ ಸಮುದ್ರದಂಡೆಯ ದೃಶ್ಯಗಳನ್ನು ಹಗಲಲ್ಲೇ ತೆಗೆದು ಆಮೇಲೆ ರಾತ್ರಿ ಮಾಡಿದ್ದರು. ಮಬ್ಬು ಬೇಕಂತಲೇ ಇಟ್ಟದ್ದು ಅಂತ ಕಂಪನಿ ಉತ್ತರ ಕೊಟ್ಟಿತು. ಅದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ, ನೀವು ಬೈದದ್ದು ಸರಿ.

ಈಗ ಯುದ್ಧ. ಪರದೆ ಎಳೆದು ರಾತ್ರಿ ನೋಡಿದರೂ ಇದು ಸುಧಾರಿಸಲ್ಲ, ಇನ್ನೂ ಸ್ಪಷ್ಟವಾಗಿ ಕೆಟ್ಟದ್ದು ಕಾಣುತ್ತದೆ. ಬೀದರ ಕೋಟೆಯ ದಕ್ಷಿಣಕ್ಕೆ ಬಂಡೆಯಲ್ಲೇ ಕೊರೆದ ಮೂರು ಸಾಲು ಕಂದಕ ನೋಡಿದವರಿಗೆ ಕ್ರಮ ಗೊತ್ತು: ಶತ್ರು, ಆಮೇಲೆ ಕಂದಕ, ಆಮೇಲೆ ಗೋಡೆ, ಬುರುಜಿನ ಮೇಲೆ ತೋಪು. ವಿಂಟರ್‌ಫೆಲ್‌ನಲ್ಲಿ ಕುದುರೆ ದಂಡು ಎಲ್ಲಕ್ಕಿಂತ ಮುಂದೆ, ಕಲ್ಲೆಸೆಯುವ ಟ್ರೆಬುಷೆಗಳು ಕಾಲಾಳುಗಳಿಗಿಂತ ಮುಂದೆ, ಕಂದಕ ಸೈನ್ಯದ ಬೆನ್ನಿಗೆ! ಇಡೀ ಸೈನ್ಯ ಕೋಟೆಯೊಳಗೆ ಹಿಡಿಯಲ್ಲ ಅನ್ನುವ ಸಮರ್ಥನೆ ಒಪ್ಪಬಹುದು. ಆದರೆ ಟ್ರೆಬುಷೆ ಕಲ್ಲನ್ನು ಎತ್ತರಕ್ಕೆ ಎಸೆಯುವ ಯಂತ್ರ, ಗೋಡೆಯ ಒಳಗಿಂದಲೇ ಹೊಡೆಯಬಹುದಿತ್ತು. ಮುಂದಿಟ್ಟದ್ದಕ್ಕೆ ನಾಲ್ಕು ಕಲ್ಲು ಎಸೆಯುವಷ್ಟರಲ್ಲಿ ಕೆಲಸ ಮುಗಿಯಿತು. ಹಿಂದಿನ ಕಂದಕ ಓಡಿಬರುವ ತಮ್ಮವರಿಗೇ ಇಕ್ಕಟ್ಟಾಯಿತು.

ದೋತ್ರಾಕಿಗಳದ್ದು ಇನ್ನೂ ವಿಚಿತ್ರ. ಸತ್ತವರು ಮತ್ತೆ ಸಾಯೋದು ಬೆಂಕಿಗೆ ಅಥವಾ ಡ್ರಾಗನ್‌ಗ್ಲಾಸ್ ಅನ್ನುವ ಕಪ್ಪು ಗಾಜುಗಲ್ಲಿಗೆ. ಇವರ ಅರಖ್‌ಗಳಿಗೆ (ಬಾಗಿದ ಕತ್ತಿ) ಬೆಂಕಿ ಹತ್ತಿದ್ದು ಮಾಟಗಾತಿ ಮೆಲಿಸಾಂಡ್ರೆ ಬಂದ ಮೇಲೆ, ಆಕೆ ಬರುತ್ತಾಳೆ ಅಂತ ಯೋಜನೆ ಹಾಕಿದವರಿಗೆ ಗೊತ್ತೇ ಇರಲಿಲ್ಲ. ಹಾಗಾದರೆ ಮೂಲ ಯೋಜನೆ ಏನಿತ್ತು? ಸತ್ತವರನ್ನು ಎಬ್ಬಿಸುವ ಶತ್ರು ಬಂದಾಗ ಹೆಂಗಸರು ಮಕ್ಕಳನ್ನು ಹೆಣಗಳ ನೆಲಮಾಳಿಗೆಯಲ್ಲಿ ಅಡಗಿಸಿದ್ದರ ಬಗ್ಗೆ ಏನೂ ಬರೆಯಲ್ಲ, ಎಲ್ಲರೂ ಬರೆದಾಗಿದೆ.

“ಯಾರು ಸತ್ತರು, ಯಾರು ಉಳಿದರು?” ಅನ್ನುವ ಗೊಂದಲಕ್ಕೆ ಮಾತ್ರ ಕತ್ತಲೆಯೇ ಕಾರಣ. ದೋತ್ರಾಕಿಗಳ ಜೊತೆ ನುಗ್ಗಿದ ಘೋಸ್ಟ್ ತೋಳ ಸತ್ತಿತು ಅಂತ ಬಹಳ ಮಂದಿ ದುಃಖಪಟ್ಟರು, ಮುಂದಿನ ಕಂತಿನಲ್ಲಿ ಒಂದು ಕಿವಿ ಕಳಕೊಂಡು ಬಂತು. ಹಿಮಗಾಳಿಯಲ್ಲಿ ಕೋಟೆ ಕಡೆಯ ಡ್ರಾಗನ್ ರೇಗಾಲ್ ಯಾವುದು, ಶತ್ರು ಕಡೆಯ ವಿಸೇರಿಯನ್ ಯಾವುದು ಅಂತ ತಿಳಿಯದೆ ರೇಗಾಲ್‌ಗೂ ಕೆಲವರು ತಿಥಿ ಮಾಡಿಬಿಟ್ಟರು.

ಕೊನೆಗೆ ಆರ್ಯ. ‘ತಳಬುಡ ಇಲ್ಲದೆ ಬಂದಳು’ ಅನ್ನೋದು ಅರ್ಧ ಅನ್ಯಾಯ. ನೈಟ್ ಕಿಂಗ್‌ನನ್ನು ಕೊಂದ ಕಠಾರಿ ಏಳನೇ ಸೀಸನ್ನಿನ ನಾಲ್ಕನೇ ಕಂತಿನಲ್ಲಿ ತಮ್ಮ ಬ್ರಾನ್ ಕೈಯಿಂದ ಆಕೆಗೆ ಬಂದದ್ದು. ಅದೇ ಕಂತಿನಲ್ಲಿ ಯೋಧೆ ಬ್ರಿಯೆನ್ ಜೊತೆ ಅಭ್ಯಾಸ ಮಾಡುವಾಗ ಒಂದು ಕೈಯಿಂದ ಇನ್ನೊಂದು ಕೈಗೆ ಕಠಾರಿ ಬದಲಿಸುವ ಪಟ್ಟೂ ತೋರಿಸಿದ್ದರು. ನೈಟ್ ಕಿಂಗ್ ಆಕೆಯ ಎಡಗೈ ಹಿಡಿದಾಗ ಕಠಾರಿ ಬಿಟ್ಟು ಬಲಗೈಯಲ್ಲಿ ಹಿಡಿದದ್ದು ಅದೇ ಪಟ್ಟು. ಮುಂದಿನ ಸಲ ನೋಡುವಾಗ ಆಕೆ ಜಿಗಿಯುವ ಸ್ವಲ್ಪ ಮುಂಚೆ ಸಾಲಾಗಿ ನಿಂತ ವೈಟ್ ವಾಕರ್‌ಗಳನ್ನು (ನೈಟ್ ಕಿಂಗ್‌ನ ಬಂಟರು) ಗಮನಿಸ್ರಿ. ಒಬ್ಬನ ಕೂದಲು ಯಾರೋ ಪಕ್ಕದಲ್ಲಿ ಹಾದುಹೋದಂತೆ ಅಲುಗುತ್ತದೆ. ಆಕೆ ಬಂದಳು ಅನ್ನೋದಕ್ಕೆ ಅವರು ಕೊಟ್ಟ ಸುಳಿವು ಅದೊಂದೇ. 22 ಮೆಟ್ಟಿಲಿನ ಚಿತ್ರದಲ್ಲಿ, ಬೆಳಿಗ್ಗೆಯ ಬಿಸಿಲಲ್ಲಿ, ಅದು ಯಾರಿಗೂ ಕಂಡಿರಲಿಕ್ಕಿಲ್ಲ. ಕಂಡಿದ್ದರೂ ಅಷ್ಟು ದೂರ ಹೆಂಗ ಹಾರಿದಳು ಅನ್ನುವ ಪ್ರಶ್ನೆಗೆ ಒಂದು ಎಳೆ ಕೂದಲು ಉತ್ತರ ಆಗಲ್ಲ ಬಿಡ್ರಿ.