ಕೇಳುವವರಿಗೂ ಜಾಗ ಬಿಟ್ಟ ಬ್ಯಾಂಡ್

ಬ್ರಿಟನ್ನಿನ ರಾಕ್ ಬ್ಯಾಂಡ್ ಕ್ವೀನ್‌ನ ಹಾಡುಗಳನ್ನು ಜನ ಇನ್ನೂ ಕೇಳುತ್ತಿರುವುದು ಅವರ ಕಥೆ ಹೇಳುವ 2018ರ ಸಿನಿಮಾದಿಂದ ಎಂದು ಯಾರಾದರೂ ಹೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಸಿನಿಮಾ ನೋಡಿ ಹೊಸಬರು ಬಂದರು, ಒಪ್ಪುತ್ತೇನೆ. ಆದರೆ ‘ಬೊಹೀಮಿಯನ್ ರ‍್ಯಾಪ್ಸೊಡಿ’ ಹಾಡು 1975ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿ ಒಂಬತ್ತು ವಾರ ಅಲ್ಲೇ ಕೂತಿತ್ತು. 1991ರ ನವೆಂಬರ್‌ನಲ್ಲಿ ಬ್ಯಾಂಡಿನ ಗಾಯಕ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡ ಮೇಲೆ ಅದೇ ಹಾಡು ಮತ್ತೆ ನಂಬರ್ ಒನ್ ಆಯಿತು. 1981ರಲ್ಲಿ ಬಂದ ಅವರ ‘ಗ್ರೇಟೆಸ್ಟ್ ಹಿಟ್ಸ್’ ಬ್ರಿಟನ್ನಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾದ ಆಲ್ಬಂ. ಇಷ್ಟೆಲ್ಲ ಇದ್ದದ್ದರಿಂದಲೇ ಆ ಸಿನಿಮಾ ಹುಟ್ಟಿದ್ದು.

‘ಹಳೆಯ ಹಾಡೆಂದರೆ ಹಾಗೇ, ಮರೆಯೋಕೆ ಆಗಲ್ಲ’ ಎನ್ನುವ ಮಾತೂ ನನಗೆ ಸರಿ ಕಾಣುವುದಿಲ್ಲ. ಎಪ್ಪತ್ತರ ದಶಕದಲ್ಲಿ ಹಿಟ್ ಕೊಟ್ಟ ಎಷ್ಟೋ ಬ್ಯಾಂಡ್‌ಗಳ ಹೆಸರು ಇವತ್ತು ಯಾರ ಬಾಯಲ್ಲೂ ಇಲ್ಲ. ಕ್ವೀನ್ ಉಳಿದದ್ದು ಯಾಕೆಂದರೆ, ಅವರ ಹಾಡಿನೊಳಗೆ ಕೇಳುವವನಿಗೂ ಒಂದು ಕೆಲಸವಿದೆ.

‘ವಿ ವಿಲ್ ರಾಕ್ ಯು’ ಹಾಡನ್ನೇ ನೋಡಿ. 1977ರಲ್ಲಿ ಇಂಗ್ಲೆಂಡಿನ ಸ್ಟ್ಯಾಫರ್ಡ್ ಹತ್ತಿರದ ಬಿಂಗ್ಲಿ ಹಾಲ್‌ನಲ್ಲಿ ಅವರ ಕಾರ್ಯಕ್ರಮ. ಬ್ಯಾಂಡ್ ವೇದಿಕೆ ಇಳಿದ ಮೇಲೂ ಜನ ಹೋಗಲಿಲ್ಲ. ಫುಟ್‌ಬಾಲ್ ಮೈದಾನದಲ್ಲಿ ಹಾಡುವ ಹಾಡೊಂದನ್ನು ಎಲ್ಲರೂ ಸೇರಿ ಇವರಿಗಾಗಿ ಹಾಡಿದರು. ಗಿಟಾರಿಸ್ಟ್ ಬ್ರಯಾನ್ ಮೇ ತಲೆಗೆ ಅದು ಹೊಕ್ಕಿತು. ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತ ಜನ ಏನು ಮಾಡಬಲ್ಲರು? ಕಾಲು ಬಡಿಯಬಲ್ಲರು, ಚಪ್ಪಾಳೆ ತಟ್ಟಬಲ್ಲರು, ಹಾಡಬಲ್ಲರು. ಅಷ್ಟೇ ಸಾಕು ಎಂದು ಹಾಡು ಕಟ್ಟಿದರು. ಎರಡು ಸಲ ಕಾಲು, ಒಂದು ಸಲ ಚಪ್ಪಾಳೆ.

ರೆಕಾರ್ಡಿಂಗ್ ನಡೆದದ್ದು ಹಳೆಯ ಚರ್ಚ್ ಕಟ್ಟಡವೊಂದರಲ್ಲಿದ್ದ ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ. ಅಲ್ಲಿ ಬಿದ್ದಿದ್ದ ಹಲಗೆಗಳ ಮೇಲೆ ಕಾಲು ಬಡಿದು ಆ ಸದ್ದನ್ನು ಮತ್ತೆ ಮತ್ತೆ ರೆಕಾರ್ಡ್ ಮಾಡಿದರು. ಬ್ರಯಾನ್ ಮೇ ಓದಿದ್ದು ಭೌತಶಾಸ್ತ್ರ. (2007ರಲ್ಲಿ ಖಗೋಳ ವಿಜ್ಞಾನದಲ್ಲಿ ಪಿಎಚ್‌ಡಿಯನ್ನೂ ಮುಗಿಸಿದರು, ಅರವತ್ತರ ವಯಸ್ಸಿನಲ್ಲಿ! ಅದಕ್ಕೆ ನನ್ನ ದೊಡ್ಡ ನಮಸ್ಕಾರ.) ಭೌತಶಾಸ್ತ್ರದ ಆ ತಿಳಿವಳಿಕೆಯಿಂದ ಸದ್ದಿನ ಒಂದೊಂದು ಪದರವನ್ನೂ ಚೂರು ಚೂರೇ ತಡಮಾಡಿ ಸೇರಿಸಿದರು. ಹಾಗಾಗಿ ಬೇರೆ ಬೇರೆ ದೂರದಲ್ಲಿ ಸಾವಿರಾರು ಜನ ನಿಂತಂತೆ ಕೇಳುತ್ತದೆ. ಡ್ರಮ್ ಸೆಟ್ ಇಲ್ಲ, ಬೇಸ್ ಇಲ್ಲ, ಗಿಟಾರ್ ಬರುವುದು ಕೊನೆಗೆ. ಜನರೇ ವಾದ್ಯ. ಅದಕ್ಕೇ ಇವತ್ತಿಗೂ ಯಾವ ದೇಶದ ಸ್ಟೇಡಿಯಂನಲ್ಲಿ ಹಾಕಿದರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಜನ ಫ್ರೆಡ್ಡಿ ಒಬ್ಬರನ್ನೇ ನೆನೆಯುತ್ತಾರೆ. ಅವರು ಜಾಂಜಿಬಾರ್‌ನಲ್ಲಿ ಹುಟ್ಟಿದ ಪಾರ್ಸಿ ಹುಡುಗ ಫರೋಖ್ ಬಲ್ಸಾರಾ, ಮಹಾರಾಷ್ಟ್ರದ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದವರು ಅನ್ನುವುದು ನನಗೂ ಖುಷಿಯ ವಿಷಯವೇ. ಅವರಂಥ ದನಿ ಮತ್ತೆ ಬರಲಿಲ್ಲ. ಆದರೆ ಈ ಬ್ಯಾಂಡಿನ ನಾಲ್ವರೂ ದೊಡ್ಡ ಹಿಟ್ ಬರೆದವರು. ‘ವಿ ಆರ್ ದ ಚಾಂಪಿಯನ್ಸ್’ ಫ್ರೆಡ್ಡಿಯದು. ‘ರೇಡಿಯೋ ಗಾಗಾ’ ಡ್ರಮ್ಮರ್ ರೋಜರ್ ಟೇಲರ್ ಅವರದು. ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಬರೆದದ್ದು ಬೇಸ್ ನುಡಿಸುತ್ತ ತೆಪ್ಪಗೆ ನಿಲ್ಲುತ್ತಿದ್ದ ಜಾನ್ ಡೀಕನ್. ಅದರ ಬೇಸ್ ಶುರುವಾಗುತ್ತಿದ್ದಂತೆ ಕಾಲು ತಾನಾಗಿಯೇ ಕುಣಿಯುತ್ತದೆ, ಅಲ್ವಾ? ನಾಲ್ಕು ಜನರ ನಾಲ್ಕು ರುಚಿ ಸೇರಿದ್ದರಿಂದಲೇ ಒಂದು ಹಿಟ್ ಇನ್ನೊಂದರಂತಿಲ್ಲ.

1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಬರಗಾಲದ ಪರಿಹಾರಕ್ಕಾಗಿ ಹಲವು ಬ್ಯಾಂಡ್‌ಗಳು ಸೇರಿ ನಡೆಸಿದ ಲೈವ್ ಏಡ್ ಕಾರ್ಯಕ್ರಮದ ವಿಡಿಯೋ ನೋಡದವರು ದಯವಿಟ್ಟು ನೋಡಿ. ಇವರಿಗೆ ಸಿಕ್ಕಿದ್ದು ಇಪ್ಪತ್ತು ನಿಮಿಷದ ಆಚೀಚೆ. ‘ರೇಡಿಯೋ ಗಾಗಾ’ ಬಂದಾಗ ಸುಮಾರು 70 ಸಾವಿರ ಜನ ತಲೆಯ ಮೇಲೆ ಕೈಯೆತ್ತಿ ಒಟ್ಟಿಗೆ ಚಪ್ಪಾಳೆ ತಟ್ಟುತ್ತಾರೆ. ಅವರೆಲ್ಲ ಬರೀ ಕ್ವೀನ್‌ಗಾಗಿ ಬಂದವರೂ ಅಲ್ಲ. ದಕ್ಷಿಣ ಅಮೆರಿಕದಲ್ಲಂತೂ ‘ಲವ್ ಆಫ್ ಮೈ ಲೈಫ್’ ಬಂದರೆ ಫ್ರೆಡ್ಡಿ ಹಾಡು ನಿಲ್ಲಿಸಿ ಜನರಿಗೇ ಬಿಟ್ಟುಬಿಡುತ್ತಿದ್ದರು. ಇಂಗ್ಲಿಷ್ ಮನೆಮಾತಲ್ಲದ ಜನ ಅದು, ನಮ್ಮ ಹಾಗೆ. ಪೂರ್ತಿ ಹಾಡುತ್ತಿದ್ದರು.

ಹಾಗಾದರೆ ‘ಬೊಹೀಮಿಯನ್ ರ‍್ಯಾಪ್ಸೊಡಿ’ ಸುಲಭದ ಹಾಡೇ ಎಂದು ಕೇಳಬಹುದು. ಖಂಡಿತ ಅಲ್ಲ. ಸುಮಾರು ಆರು ನಿಮಿಷ, ತಿರುಗಿ ತಿರುಗಿ ಬರುವ ಪಲ್ಲವಿ ಇಲ್ಲ, ನಡುವೆ ಒಪೆರಾ, ಆಮೇಲೆ ಜೋರು ರಾಕ್. ಆದರೂ 2017ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಗ್ರೀನ್ ಡೇ ಬ್ಯಾಂಡ್ ಬರುವ ಮುಂಚೆ ಸ್ಪೀಕರಿನಲ್ಲಿ ಈ ಹಾಡು ಹಾಕಿದಾಗ ಇಡೀ ಮೈದಾನ ಅದನ್ನು ಹಾಡಿ ಮುಗಿಸಿತು. ವೇದಿಕೆ ಮೇಲೆ ಒಬ್ಬ ಗಾಯಕನೂ ಇರಲಿಲ್ಲ. ಜನ ಗಿಟಾರಿನ ಭಾಗವನ್ನೂ ಬಾಯಲ್ಲೇ ಹಾಡಿದರು!

‘ಹಿಟ್‌ಗಳನ್ನು ಬಿಡಿ, ನಿಜವಾದ ಕ್ವೀನ್ ಬೇಕಾದರೆ 1974ರ ಎರಡನೇ ಆಲ್ಬಂ ಕೇಳಿ’ ಎನ್ನುವ ಗೆಳೆಯರಿದ್ದಾರೆ. ಆ ಆಲ್ಬಂ ನನಗೂ ಬಹಳ ಇಷ್ಟ. ಆದರೆ ಹಿಟ್ ಅಂದ ಮಾತ್ರಕ್ಕೆ ಕೆಳಗಿನದು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸಂಗೀತ ಕಲಿಯದವನೂ ಹಾಡುವಂತಿರಬೇಕು, ಸಾವಿರ ಸಲ ಕೇಳಿದರೂ ಬೇಜಾರಾಗಬಾರದು. ಇದು ತುಂಬ ಕಷ್ಟದ ಕೆಲಸ.

ನಿಮ್ಮ ಕ್ವೀನ್ ಹಾಡು ಯಾವುದು? ನನ್ನದು 1976ರ ‘ಸಮ್‌ಬಡಿ ಟು ಲವ್’. ಫ್ರೆಡ್ಡಿ, ಮೇ, ಟೇಲರ್, ಮೂವರೇ ತಮ್ಮ ದನಿಗಳನ್ನು ಪದರ ಪದರವಾಗಿ ಸೇರಿಸಿ ಚರ್ಚ್‌ನಲ್ಲಿ ಹಾಡುವಂಥ ದೊಡ್ಡ ಗಾಸ್ಪೆಲ್ ಮೇಳವನ್ನೇ ನಿಲ್ಲಿಸಿದ್ದಾರೆ. ಇವತ್ತು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಕಾಮೆಂಟ್‌ನಲ್ಲಿ ಮಾತಾಡೋಣ.